ಕೆಂಪು ಮಖಮಲ್ಲಿನ ಹುಳವೂ ನಮ್ಮನೆ ಧರೆಯೂ

ಅಡಿಕೆ ಕೊಯ್ಲಿನ ದಿನಗಳಲ್ಲಿ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪು ಸದ್ದಿಲ್ಲದೆ ಬಿದ್ದಿರುತ್ತದೆ. ಯಾರಿಗೂ ಪುರುಸೊತ್ತಿಲ್ಲ, ಎಲ್ಲರ ಕೈಯೂ ಚೊಗರು. ಅಂಥದ್ದರಲ್ಲಿ ಮೊನ್ನೆ ಮಟಮಟ ಮಧ್ಯಾಹ್ನ ಚಿಕ್ಕಮ್ಮ ಒಂದು ವಿಡಿಯೊ ಹಾಕಿದರು. ಮರಳಿನ ಮೇಲೆ ಕೆಂಪು-ಕಪ್ಪು ಮಖಮಲ್ಲು ಹೊದ್ದ ಇರುವೆಯಂಥದ್ದೊಂದು ಗಡಿಬಿಡಿಯಲ್ಲಿ ಓಡಾಡುತ್ತಿದೆ, ಹಿಂದೆ ಭೂತದ ಸಿನಿಮಾದ ಸಂಗೀತ. ಕೆಳಗೆ ಒಕ್ಕಣೆ: ಈ ಇರುವೆ ಕಚ್ಚಿದರೆ ಹಸುವೇ ಸಾಯುತ್ತದೆ, ಮನುಷ್ಯರ ಮಾತು ಬಿಡಿ, ಮಕ್ಕಳಿರುವ ಮನೆಯವರಿಗೆಲ್ಲ ಕಳಿಸಿ. ಹತ್ತು ನಿಮಿಷದಲ್ಲಿ ಅತ್ತಿಗೆ ಬರೆದರು, "ಅಯ್ಯೋ, ಇದು ನಮ್ಮನೆ ಧರೆ ಹತ್ರ ಉಂಟಲ್ಲ!" ಸಂಜೆ ಅಣ್ಣನ ಫೋಟೊ ಬಂತು. ಬೆನ್ನಿಗೆ ಸ್ಪ್ರೇ ಪಂಪು, ಎದುರಿಗೆ ತೊಯ್ದು ಕಪ್ಪಾದ ಧರೆ, ಅಂದರೆ ಮನೆಯ ಹಿಂದೆ ಗುಡ್ಡ ಕಡಿದು ಉಳಿದ ಮಣ್ಣಿನ ಗೋಡೆ. ಶುಂಠಿಗೆ ತಂದು ಉಳಿದಿದ್ದ ಔಷಧಿಯಂತೆ. "ಎಲ್ಲಾ ಕ್ಲೀನ್" ಎಂದು ಬರೆದಿದ್ದ. ಏಳೆಂಟು ಹೆಬ್ಬೆರಳುಗಳು ಬಿದ್ದವು.

ನಾನು ಶಿವಮೊಗ್ಗದ ಅಡುಗೆಮನೆಯಲ್ಲಿ ನಿಂತು ಏನೋ ಟೈಪು ಮಾಡಿದೆ, ಅಳಿಸಿದೆ, ಮತ್ತೆ ಟೈಪು ಮಾಡಿದೆ. ಒಲೆ ಮೇಲಿನ ಹಾಲು ಉಕ್ಕಿತು. ನಮ್ಮ ಕುಟುಂಬದ ಮೂವತ್ತೆರಡು ಜನರಲ್ಲಿ ಆ ಹುಳದ ಕೈಯಲ್ಲಿ ಕುಟುಕಿಸಿಕೊಂಡವಳು ನನಗೆ ತಿಳಿದಂತೆ ನಾನೊಬ್ಬಳೇ. ಹಾಗಾಗಿ ಹೇಳುವ ಹಕ್ಕು ನನಗಿತ್ತು. ಆದರೆ ಏನೆಂದು ಹೇಳುವುದು? "ಪ್ರಾಣ ಹೋದ ಹಾಗಾಗುತ್ತದೆ, ಆದರೆ ಏನೂ ಆಗುವುದಿಲ್ಲ" ಎಂದರೆ ಯಾರು ನಂಬುತ್ತಾರೆ? ಆ ಒಂದು ಸಾಲನ್ನು ಬಿಡಿಸಿ ಹೇಳಲು ಹೋಗಿ ಇಷ್ಟುದ್ದ ಬರೆಯುತ್ತಿದ್ದೇನೆ.

ಬೆಂಕಿಪೊಟ್ಟಣ

ತಪ್ಪು ನಿಜವಾಗಿ ಶುರುವಾದದ್ದು ಅಜ್ಜನ ಮನೆಯಲ್ಲಿ. ಅಮ್ಮನ ತವರು ಶಿಕಾರಿಪುರದ ಕಡೆ, ಅರೆಮಲೆನಾಡು. ಅಲ್ಲಿ ಮೊದಲ ಮಳೆ ಬಿದ್ದ ಮಾರನೇ ದಿನ ಹೊಲದ ಬದುವಿನ ಮೇಲೆ ಕುಂಕುಮ ಚೆಲ್ಲಿದ ಹಾಗೆ ಕೆಂಪು ಹುಳಗಳು ಏಳುತ್ತಿದ್ದವು. ಮುಟ್ಟಿದರೆ ಮಖಮಲ್ಲು, ಕಾಲು ಮಡಚಿಕೊಂಡು ಸುಮ್ಮನಾಗಿಬಿಡುವ ಸಾಧು. ಅಜ್ಜಿಗೆ ಅವು ದೇವರ ಹುಳ, ತುಳಿಯುವಂತಿಲ್ಲ. ನಾವು ಬೆಂಕಿಪೊಟ್ಟಣಕ್ಕೆ ಚೂರು ಹಸಿಮಣ್ಣು ಹಾಕಿ, ಎರಡು ಮೂರು ಹುಳ ಬಿಟ್ಟು, ಕಿವಿಗೆ ಹಿಡಿದು ಕೇಳುತ್ತಿದ್ದೆವು. ಏನೂ ಕೇಳುತ್ತಿರಲಿಲ್ಲ. ಅದಕ್ಕೆ ಎಂಟು ಕಾಲು, ಅದು ಜೇಡ-ಉಣುಗುಗಳ ಕಡೆಯ ಜೀವಿ, ಮನುಷ್ಯರಿಗೆ ಏನೂ ಮಾಡುವುದಿಲ್ಲ ಎಂಬುದೆಲ್ಲ ಗೊತ್ತಾದದ್ದು ತುಂಬ ತಡವಾಗಿ. ಆಗ ಗೊತ್ತಿದ್ದದ್ದು ಇಷ್ಟೇ: ಕೆಂಪಗೆ, ಮೆತ್ತಗೆ, ಚಂದಕ್ಕಿರುವ ಹುಳ ಒಳ್ಳೆಯದು.

ನನಗೆ ಒಂಬತ್ತು ವರ್ಷವಿದ್ದಾಗ, ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯಲ್ಲಿ ಕೊಯ್ಲು ನಡೆದಿತ್ತು. ಚಪ್ಪರದಡಿ ಹೆಂಗಸರು ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತು ಅಡಿಕೆ ಸುಲಿಯುತ್ತಿದ್ದರು. ಹಂಡೆಯ ಕೆಳಗೆ ಬೆಂಕಿ. ಮಕ್ಕಳು ಕಾಲಿಗೆ ಸಿಗಬಾರದೆಂದು ನಮ್ಮನ್ನು ಅಟ್ಟಿದ್ದರು. ಮನೆಯ ಹಿಂದೆ, ಗುಡ್ಡ ಕಡಿದ ಜಾಗದಲ್ಲಿ ಎರಡಾಳೆತ್ತರದ ಧರೆ. ಮಳೆಗಾಲದಲ್ಲಿ ಜರಿದು ಹೆದರಿಸುವ ಧರೆ ಚಳಿಗಾಲದ ಹತ್ತು ಗಂಟೆಯ ಬಿಸಿಲಿಗೆ ಬೆಚ್ಚಗಿರುತ್ತದೆ, ಮೈತುಂಬ ಪೆನ್ಸಿಲ್ ತೂರಿಸಿದಂಥ ತೂತುಗಳು. ಅದರ ಬುಡದಲ್ಲಿ ಕಂಡಿತು, ಇರುವೆಯ ಹಾಗೆ ನಡು ಹಿಡಿದ ಹುಳ, ಎದೆ ಇಟ್ಟಿಗೆಗೆಂಪು, ಹಿಂಭಾಗ ಕಪ್ಪು, ಅದರ ಮೇಲೆ ಬೆಳ್ಳಿಯ ಬೊಟ್ಟು. ಗೊದ್ದಕ್ಕಿಂತ ದಪ್ಪ. ಓಡುತ್ತದೆ, ನಿಲ್ಲುತ್ತದೆ, ತೂತಿಗೆ ತಲೆ ಹಾಕುತ್ತದೆ, ಮನೆ ನಂಬರ್ ಹುಡುಕುವ ಅಂಚೆಯವನ ಹಾಗೆ ಮುಂದಿನ ತೂತಿಗೆ ಹೋಗುತ್ತದೆ. ದೇವರ ಹುಳ ಮಲೆನಾಡಿಗೆ ಬಂದು ದೊಡ್ಡದಾಗಿದೆ ಅಂದುಕೊಂಡೆ.

ಎರಡು ಬೆರಳಲ್ಲಿ ಎತ್ತಿದೆ. ಅದು ಕಿಚಕಿಚ ಎಂದಿತು. ಇದು ನನಗೆ ಈಗಲೂ ಚೆನ್ನಾಗಿ ನೆನಪಿದೆ, ಏಕೆಂದರೆ ಖುಷಿಯಾಗಿತ್ತು. ಬೆಂಕಿಪೊಟ್ಟಣದಲ್ಲಿ ಒಮ್ಮೆಯೂ ಮಾತಾಡದ ಹುಳ ಇವತ್ತು ಮಾತಾಡಿತು! ಸರಿಯಾಗಿ ಕೇಳಲು ಕಿವಿಯ ಹತ್ತಿರ ತಂದು ಸ್ವಲ್ಪ ಬಿಗಿಯಾಗಿ ಹಿಡಿದೆ.

ಆಮೇಲಿನದನ್ನು ಹೇಳಲು ನನ್ನಲ್ಲಿರುವ ಮಾತು ಒಂದೇ: ಕಾದ ಕಬ್ಬಿಣದ ಸೂಜಿಯನ್ನು ಹೆಬ್ಬೆರಳಿಗೆ ಚುಚ್ಚಿ, ಅಲ್ಲೇ ಬಿಟ್ಟು, ಮೇಲಿನಿಂದ ಯಾರೋ ಸುತ್ತಿಗೆಯಲ್ಲಿ ಹೊಡೆಯುತ್ತಿದ್ದ ಹಾಗೆ. ನಾನು ಕೂಗಿದ ಕೂಗಿಗೆ ಮೊದಲು ಓಡಿಬಂದವನು ತೋಟದಲ್ಲಿ ಮಿಣಿ ಹಿಡಿದು ನಿಂತಿದ್ದ, ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ನಮ್ಮ ಕೊನೆಗೌಡ. ಹಿಂದೆ ಅಪ್ಪ, ಅವರ ಹಿಂದೆ ಚಪ್ಪರದ ಹೆಂಗಸರೆಲ್ಲ. ಅಪ್ಪ ಏನೂ ಕೇಳದೆ ನನ್ನ ಕಾಲು ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಎರಡು ಹಲ್ಲಿನ ಗುರುತು ಹುಡುಕುತ್ತಿದ್ದರು ಎಂದು ಆಮೇಲೆ ಗೊತ್ತಾಯಿತು. ನಾನು ಬೆರಳು ತೋರಿಸಿದೆ, ನೆಲ ತೋರಿಸಿದೆ. ಕೊನೆಗೌಡ ಬಗ್ಗಿ ನೋಡಿ, "ಇರುವೆ ಕಣ್ರೀ! ಅಮ್ಮಿ, ಇರುವೆಗೆ ಇಷ್ಟು ಕೂಗಿದ್ರೆ ನಾಳೆ ಕಣಜ ಹೊಡೆದ್ರೆ ಎಂಥ ಮಾಡ್ತೀಯೇ?" ಅಂದು ನಕ್ಕ. ಅವನು ಮರದ ತುದಿಯಲ್ಲಿ ಎಷ್ಟೋ ಸಲ ಕಣಜ ಹೊಡೆಸಿಕೊಂಡು, ಕೈ ಬಿಡದೆ ಇಳಿದುಬಂದವನು. ಅವನ ನಗುವಿಗೆ ತೂಕವಿತ್ತು. ನನ್ನನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡು ಜಗಲಿಗೆ ತಂದವನೂ ಅವನೇ.

ಅಜ್ಜಿ ಕೆಸುವಿನ ದಂಟು ಮುರಿದು ರಸ ಹಚ್ಚಿದರು. ಆಮೇಲೆ ಸುಣ್ಣ. ಆಮೇಲೆ, ಯಾವುದಕ್ಕೂ ಇರಲಿ ಎಂದು, ಅರಿಶಿನ. ಬೆರಳು ಹೋಳಿ ಹಬ್ಬಕ್ಕೆ ತಯಾರಾದ ಹಾಗಿತ್ತು. ಅರ್ಧ ಗಂಟೆ ಬಿಕ್ಕಿದೆ. ಅದಾದ ಮೇಲೆ ನೋವು, ಮಳೆ ಹೊಳವಾದ ಹಾಗೆ, ತಾನಾಗಿ ಹಿಂದೆ ಸರಿಯಿತು. ರಾತ್ರಿ ಮೂರು ಕಡುಬು ತಿಂದೆ. ಬೆಳಿಗ್ಗೆ ಒಂದು ಕೆಂಪು ಚುಕ್ಕೆ ಬಿಟ್ಟರೆ ಏನೂ ಇರಲಿಲ್ಲ. ಇದೇ ನನ್ನ ಮಾನ ಕಳೆದದ್ದು. ಸ್ವಲ್ಪ ಬಾವಾದರೂ ಬಂದಿದ್ದರೆ ತೋರಿಸಬಹುದಿತ್ತು. ಮದುವೆಯಾಗುವವರೆಗೂ ನಾನು ಮನೆಯಲ್ಲಿ "ಇರುವೆ ಕಚ್ಚಿದ್ದಕ್ಕೆ ಊರು ಸೇರಿಸಿದವಳು."

ಇರುವೆಯೇ ಅಲ್ಲ

ಮಗಳಿಗೆ ಶಾಲೆಯಲ್ಲಿ ಕೀಟಗಳ ಪ್ರಾಜೆಕ್ಟು ಕೊಟ್ಟಿದ್ದರಿಂದ ಈ ಹುಳ ಮೂವತ್ತು ವರ್ಷದ ನಂತರ ನನಗೆ ಮತ್ತೆ ಸಿಕ್ಕಿತು. ಹೆಸರು ವೆಲ್ವೆಟ್ ಇರುವೆ, ಆದರೆ ಇರುವೆಯಲ್ಲ, ಕಣಜದ ಜಾತಿ. ಮ್ಯುಟಿಲಿಡೇ ಎಂಬ ಕುಟುಂಬ, ಪ್ರಪಂಚದಲ್ಲಿ ಸಾವಿರಾರು ಬಗೆ. ಹೆಣ್ಣಿಗೆ ರೆಕ್ಕೆ ಇಲ್ಲ, ಹಾಗಾಗಿ ಇರುವೆಯಂತೆ ಕಾಣುತ್ತದೆ. ಗಂಡಿಗೆ ರೆಕ್ಕೆ ಇದೆ, ಮುಳ್ಳಿಲ್ಲ. ಕುಟುಕುವ ಮುಳ್ಳು ಎಂಬುದು ಮೂಲದಲ್ಲಿ ಮೊಟ್ಟೆಯಿಡುವ ಅಂಗ, ಗಂಡಿಗೆ ಅದು ಎಲ್ಲಿಂದ ಬರಬೇಕು? ಆದರೂ ಹಿಡಿದರೆ ಕುಟುಕುವ ನಾಟಕ ಮಾಡುತ್ತದಂತೆ. ಗಂಡೂ ಹೆಣ್ಣೂ ಎಷ್ಟು ಬೇರೆ ಎಂದರೆ ಒಂದೇ ಜಾತಿಯ ಗಂಡಿಗೊಂದು ಹೆಣ್ಣಿಗೊಂದು ಹೆಸರಿಟ್ಟು ವಿಜ್ಞಾನಿಗಳು ಏಮಾರಿದ್ದುಂಟು. ಲಿನೇಯಸ್ 1758ರಲ್ಲೇ ಇವುಗಳಿಗೆ ಮ್ಯುಟಿಲ ಎಂದು ಹೆಸರಿಟ್ಟಿದ್ದ. ನಮ್ಮ ದೇಶದ ಕಣಜ-ಜೇನುಗಳನ್ನು ಚಾರ್ಲ್ಸ್ ಬಿಂಗಮ್ ಎಂಬ ಅಧಿಕಾರಿ 1897ರಲ್ಲಿ ಪಟ್ಟಿ ಮಾಡಿದಾಗ ಅದರಲ್ಲಿ ಇವೂ ಇದ್ದವು. ಅಷ್ಟು ಹಳೆಯ ಪರಿಚಯ. ನಮ್ಮನೆಯಲ್ಲಿ ಮಾತ್ರ ಅದಕ್ಕೊಂದು ಹೆಸರಿರಲಿಲ್ಲ, "ಅಮ್ಮಿಗೆ ಕಚ್ಚಿದ್ದು" ಅನ್ನುವುದು ಬಿಟ್ಟರೆ.

ಧರೆಯ ಬುಡದಲ್ಲೇ ಅದು ಯಾಕಿತ್ತು ಎಂಬುದೂ ಆಗಲೇ ಹೊಳೆದದ್ದು. ಆ ಪೆನ್ಸಿಲ್ ತೂತುಗಳು ಮಣ್ಣಿನಲ್ಲಿ ಗೂಡು ಮಾಡುವ ಒಂಟಿ ಜೇನು ಮತ್ತು ಕಣಜಗಳದ್ದು. ವೆಲ್ವೆಟ್ ಇರುವೆ ತಾನು ಗೂಡು ಕಟ್ಟುವುದಿಲ್ಲ. ಬೇರೆಯವರ ಗೂಡಿಗೆ ನುಗ್ಗಿ, ಒಳಗೆ ಬೆಳೆದಿರುವ ಮರಿಯ ಪಕ್ಕ ತನ್ನ ಮೊಟ್ಟೆ ಇಟ್ಟು ಬರುತ್ತದೆ, ವೆಲ್ವೆಟ್ ಇರುವೆಯ ಮರಿ ಆ ಗೂಡಿನ ಮರಿಯನ್ನು ತಿಂದು ದೊಡ್ಡದಾಗುತ್ತದೆ. ಇದನ್ನು ಓದಿ ಮಗಳು "ಛೀ" ಅಂದಳು. ಕೋಗಿಲೆಗೆ ಹಾಗನ್ನುವುದಿಲ್ಲವಲ್ಲ ಎಂದೆ. ಅದು ಹಾಡುತ್ತದಲ್ಲ ಎಂದಳು.

ಒಂಟಿಯಾಗಿ ನೆಲದ ಮೇಲೆ ತಿರುಗುವ, ಹಾರಲಾಗದ, ಹೊಳೆಯುವ ಬಣ್ಣದ ಹುಳಕ್ಕೆ ಓತಿಕ್ಯಾತ, ಹಕ್ಕಿ, ಕಪ್ಪೆ, ಇಲಿ ಎಲ್ಲವೂ ಶತ್ರುಗಳೇ. ಅದರ ಗಡಿಬಿಡಿಯ ಬದುಕೆಲ್ಲ ಇದಕ್ಕೆ ಉತ್ತರ. ಕಣ್ಣಿದ್ದವನಿಗೆ ಬಣ್ಣ, ಕಿವಿಯಿದ್ದವನಿಗೆ ಹೊಟ್ಟೆಯ ಪಟ್ಟಿಗಳನ್ನು ಒಂದಕ್ಕೊಂದು ಉಜ್ಜಿ ಮಾಡುವ ಕಿಚಕಿಚ, ಎರಡನ್ನೂ ಮೀರಿ ಬಾಯಿ ಹಾಕಿದವನಿಗೆ ಕಲ್ಲಿನಂಥ ಚಿಪ್ಪು. ಅಮೆರಿಕದಲ್ಲಿ ಅಳೆದು ನೋಡಿದ್ದಾರೆ, ಜೇನ್ನೊಣವನ್ನು ಜಜ್ಜಲು ಬೇಕಾದದ್ದರ 11 ಪಟ್ಟು ಬಲ ಇದಕ್ಕೆ ಬೇಕು. ಕೀಟ ಸಂಗ್ರಹಿಸುವವರ ಗುಂಡುಸೂಜಿ ಬಾಗುತ್ತದಂತೆ. ಎಲ್ಲ ಮುಗಿದ ಮೇಲೆ, ಕಡೆಯದಾಗಿ, ಮುಳ್ಳು. ಹಲ್ಲಿ, ಹಕ್ಕಿ, ಕಪ್ಪೆ, ಮೂಗಿಲಿಗಳ ಎದುರು ಬಿಟ್ಟು ನೋಡಿದ ಪ್ರಯೋಗವೊಂದು 2018ರಲ್ಲಿ ಪ್ರಕಟವಾಯಿತು. ಬಹುಪಾಲು ವೆಲ್ವೆಟ್ ಇರುವೆಗಳು ಏನೂ ಆಗದೆ ನಡೆದುಕೊಂಡು ಹೋದವು. ನಾನು ಬಣ್ಣಕ್ಕೆ ಮರುಳಾದೆ, ಸದ್ದಿಗೆ ಖುಷಿಪಟ್ಟೆ. ಹಲ್ಲಿಗಿರುವ ಬುದ್ಧಿ ನನಗಿರಲಿಲ್ಲ.

ಹಸು ಸಾಯುವುದೇ?

ಚಿಕ್ಕಮ್ಮನ ವಿಡಿಯೊ ಪೂರ್ತಿ ಸುಳ್ಳಲ್ಲ, ಅದರ ಬೇರು ಬೇರೆ ದೇಶದಲ್ಲಿದೆ. ಅಮೆರಿಕದ ಪೂರ್ವ ಭಾಗದಲ್ಲಿರುವ ದೊಡ್ಡ ಜಾತಿಯೊಂದನ್ನು ಅಲ್ಲಿನ ಹಳ್ಳಿಗರು 'ಹಸು ಕೊಲ್ಲುವ ಇರುವೆ' ಎಂದೇ ಕರೆಯುತ್ತಾರೆ. ಹಸು ಸತ್ತಿದ್ದಕ್ಕಲ್ಲ, ಹಸುವೂ ಸತ್ತೀತು ಅನ್ನಿಸುವಷ್ಟು ಉರಿಯುತ್ತದೆ ಎಂಬುದಕ್ಕೆ. ನಾವು "ಜೀವ ತೆಗೀತದೆ ಮಾರಾಯ" ಅನ್ನುವುದಿಲ್ಲವೇ, ಹಾಗೆ. ಆಡುಮಾತಿನ ಉತ್ಪ್ರೇಕ್ಷೆ ವಿಮಾನ ಹತ್ತಿ ಬಂದು ತೀರ್ಥಹಳ್ಳಿಯಲ್ಲಿ ಸುದ್ದಿಯಾಗಿ ಇಳಿದಿದೆ.

ಈ ಉರಿಯನ್ನು ಅಳೆಯಲು ಬದುಕನ್ನೇ ಕೊಟ್ಟವನೊಬ್ಬನಿದ್ದ, ಅರಿಜೋನಾದ ಕೀಟವಿಜ್ಞಾನಿ ಜಸ್ಟಿನ್ ಶ್ಮಿಟ್. ಹತ್ತಾರು ಜಾತಿಯ ಇರುವೆ, ಜೇನು, ಕಣಜಗಳಿಂದ ಕುಟುಕಿಸಿಕೊಂಡು ಒಂದರಿಂದ ನಾಲ್ಕರವರೆಗೆ ಅಂಕ ಕೊಟ್ಟ. 2015ರಲ್ಲಿ ಇದಕ್ಕೆ ಇಗ್ ನೊಬೆಲ್ ಬಂತು, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ತಮಾಷೆಯ ಪ್ರಶಸ್ತಿ, 2023ರಲ್ಲಿ ತೀರಿಕೊಂಡ. ಅವನ ಪಟ್ಟಿಯಲ್ಲಿ ಜೇನಿಗೆ 2, ದಕ್ಷಿಣ ಅಮೆರಿಕದ ಬುಲೆಟ್ ಇರುವೆಗೆ 4, ಅರಿಜೋನಾ ಕಡೆಯ ಮರುಭೂಮಿಯ ವೆಲ್ವೆಟ್ ಇರುವೆಗೆ 3. ಬಾಣಲೆಯ ಕಾದೆಣ್ಣೆ ಇಡೀ ಕೈ ಮೇಲೆ ಚೆಲ್ಲಿದ ಹಾಗೆ ಎಂದು ಅದನ್ನು ಬಣ್ಣಿಸಿದ್ದಾನೆ. ಓದಿದಾಗ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಅಂದು ನಕ್ಕವರಿಗೆಲ್ಲ ಆ ಪುಟ ಕಳಿಸೋಣ ಅನ್ನಿಸಿತ್ತು.

ಆದರೆ ಅದೇ ಶ್ಮಿಟ್ ಇನ್ನೊಂದು ಲೆಕ್ಕವನ್ನೂ ಮಾಡಿದ್ದ, ವಾಟ್ಸಾಪಿನಲ್ಲಿ ಯಾರೂ ಅದನ್ನು ಕಳಿಸುವುದಿಲ್ಲ. ನೋವು ಬೇರೆ, ಕೊಲ್ಲುವ ಶಕ್ತಿ ಬೇರೆ. ಇಲಿಗಳ ಮೇಲೆ ನೋಡಿದಾಗ, ತೂಕಕ್ಕೆ ತೂಕ, ಜೇನಿನ ವಿಷ ಈ ವೆಲ್ವೆಟ್ ಇರುವೆಯ ವಿಷಕ್ಕಿಂತ ಸುಮಾರು 25 ಪಟ್ಟು ಮಾರಕ. ಅಂದರೆ ಜೇನಿಗಿಂತ ಹೆಚ್ಚು ನೋಯಿಸುವ ಹುಳ ಜೇನಿಗಿಂತ ಎಷ್ಟೋ ಕಡಿಮೆ ಅಪಾಯದ್ದು. ಯೋಚಿಸಿದರೆ ಇದರಲ್ಲಿ ವಿಚಿತ್ರವೇನಿಲ್ಲ. ಹೆಜ್ಜೇನಿಗೆ ಕಾಯಲು ಹುಟ್ಟಿದೆ, ಮರಿಯಿದೆ, ಸಾಯಲು ಸಿದ್ಧವಿರುವ ಸಾವಿರ ತಂಗಿಯರಿದ್ದಾರೆ. ಈ ಒಂಟಿಗೆ ಬೇಕಾದದ್ದು ಹಿಡಿದವನು ಬಿಡಬೇಕು, ಅಷ್ಟೇ. 2025ರ ಆರಂಭದಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದವರು ಪ್ರಕಟಿಸಿದ್ದನ್ನು ನೋಡಿದರೆ ಅದು ಈ ಕಸುಬಿನಲ್ಲಿ ಎಷ್ಟು ಪಳಗಿದೆ ಎಂದು ತಿಳಿಯುತ್ತದೆ: ಕೀಟಗಳ ನೋವಿನ ನರಕ್ಕೆ ಒಂದು ಅಂಶ, ಇಲಿಯಂಥ ಪ್ರಾಣಿಗಳ ನರಕ್ಕೆ ಬೇರೆಯವು, ಎಲ್ಲ ಒಂದೇ ವಿಷದ ಚೀಲದಲ್ಲಿ.

ಹಾಗೆಂದು ಎತ್ತಿ ಆಡಿಸಿ ಎನ್ನುತ್ತಿಲ್ಲ. ಜೇನಿನ ಹಾಗೆ ಮುಳ್ಳು ಬಿಟ್ಟು ಸಾಯುವುದಿಲ್ಲವಾದ್ದರಿಂದ ಹಿಡಿದೇ ಇದ್ದರೆ ಮತ್ತೆ ಮತ್ತೆ ಚುಚ್ಚುತ್ತದೆ. ಕುಟುಕಿದರೆ ಸೋಪು ನೀರಲ್ಲಿ ತೊಳೆದು ತಣ್ಣೀರ ಬಟ್ಟೆಯೋ ಐಸೋ ಇಟ್ಟರೆ ಸಾಕು, ಅಜ್ಜಿಯ ಕೆಸು ಬೇಕಾದರೆ ಅಜ್ಜಿಯ ಸಮಾಧಾನಕ್ಕೆ. ಹೆದರಬೇಕಾದದ್ದು ಅಲರ್ಜಿಗೆ. ಇದರ ಮಟ್ಟಿಗೆ ಅದು ಅಪರೂಪ, ಜೇನು-ಕಣಜದಿಂದ ಅಷ್ಟು ಅಪರೂಪವಲ್ಲ. ಕುಟುಕಿದ ಜಾಗ ಬಿಟ್ಟು ಮೈಯೆಲ್ಲ ದದ್ದು, ತುಟಿ-ನಾಲಗೆ ಬಾವು, ಉಸಿರು ಕಟ್ಟುವುದು, ತಲೆ ತಿರುಗಿ ಬೀಳುವುದು ಕಂಡರೆ ಸುಣ್ಣ ಹುಡುಕುತ್ತ ಕೂರಬಾರದು. ಅದಕ್ಕೆ ಮದ್ದು ಅಡ್ರಿನಲಿನ್ ಚುಚ್ಚುಮದ್ದು, ನಿಮಿಷಗಳ ಲೆಕ್ಕದಲ್ಲಿ. ನಮ್ಮ ಕಡೆ ನಿಮಿಷಗಳ ಲೆಕ್ಕದಲ್ಲಿ ಆಸ್ಪತ್ರೆ ಎಲ್ಲಿದೆ ಎಂದು ಕೇಳಬೇಡಿ, ಆ ಸಿಟ್ಟು ಇನ್ನೊಂದು ಬರಹಕ್ಕಾಗುವಷ್ಟಿದೆ.

ಕೂಗದೇ ಹೋದವನು

ನನ್ನನ್ನು ಹೆಗಲ ಮೇಲೆ ಹೊತ್ತು ತಂದ ಕೊನೆಗೌಡನ ವಿಷಯ ಹೇಳಬೇಕು. ನಾನು ಕಾಲೇಜಿಗೆಂದು ಶಿವಮೊಗ್ಗಕ್ಕೆ ಬಂದು ಎರಡು ವರ್ಷವಾಗಿತ್ತು. ಜನವರಿಯಲ್ಲಿ, ಕೊಯ್ಲು ಮುಗಿಯುವ ಹೊತ್ತಿಗೆ, ಅವನು ಕೊಟ್ಟಿಗೆಗೆ ದರಕು, ಅಂದರೆ ಉದುರಿದ ಒಣ ಎಲೆ, ತರಲು ಹೆಂಡತಿಯ ಜೊತೆ ನಾಲ್ಕಾರು ದಿನ ಕಾಡಿಗೆ ಹೋದನಂತೆ. ವಾರದ ಮೇಲೆ ಜ್ವರ. ಮೈಕೈ ನೋವು, ತಲೆ ಸಿಡಿತ. ಮರ ಹತ್ತುವವನಿಗೆ ಮೈಕೈ ನೋವೇನು ಹೊಸದೇ? ಅಂಗಡಿಯಿಂದ ಜ್ವರದ ಮಾತ್ರೆ ತಂದು ನುಂಗಿ, ಜ್ವರದಲ್ಲೇ ಒಂದು ದಿನ ಮರ ಹತ್ತಿದ್ದ. ಒಸಡಿನಲ್ಲಿ ರಕ್ತ ಕಂಡ ಮೇಲೆ ಅಪ್ಪ ಜೀಪು ಮಾಡಿಸಿ ಕರೆದುಕೊಂಡು ಹೋದರು. ಮಂಗನ ಕಾಯಿಲೆ ಎಂದರು. ಹನ್ನೊಂದನೇ ದಿನ ಅವನು ಹೋದ. ನಾನು ಊರಿಗೆ ಬಂದಾಗ ಅವನ ಮಿಣಿ ನಮ್ಮ ಕೊಟ್ಟಿಗೆಯ ಗೂಟಕ್ಕೆ ಸುತ್ತಿದ ಹಾಗೇ ಇತ್ತು. ಅವನ ಹೆಂಡತಿ ನಮ್ಮ ಜಗಲಿಯ ಮೆಟ್ಟಿಲ ಮೇಲೆ ಕೂತು ಅಮ್ಮನಿಗೆ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಳು, "ಎಂಥದೂ ಕಚ್ಚಿದ್ದು ಗೊತ್ತೇ ಆಗ್ಲಿಲ್ಲ ಅಂದ್ರು, ಅಮ್ಮಾ. ಗೊತ್ತೇ ಆಗ್ಲಿಲ್ಲ ಅಂದ್ರು."

1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಉದುರಿದಾಗಿನಿಂದ ಈ ಕಾಯಿಲೆ ನಮ್ಮದೇ ಹೆಸರಿನಲ್ಲಿ ಪ್ರಪಂಚದ ಪುಸ್ತಕಗಳಲ್ಲಿದೆ. ಹರಡುವುದು ಉಣುಗು, ಅದರಲ್ಲೂ ಬೇಸಿಗೆಗೆ ಮುಂಚೆ ಏಳುವ, ರಾಗಿಕಾಳಿಗಿಂತ ಸಣ್ಣ ಮರಿ ಉಣುಗು. ಬಣ್ಣವಿಲ್ಲ, ಸದ್ದಿಲ್ಲ, ಉರಿಯಿಲ್ಲ. ಕಾಯಿಲೆ ಬಿದ್ದ ನೂರರಲ್ಲಿ ಮೂರರಿಂದ ಐದು ಜನ ಸಾಯುತ್ತಾರೆ. 2019ರಲ್ಲಿ ಸಾಗರದ ಅರಳಗೋಡು ಕಡೆ ಈ ಕಾಯಿಲೆಗೆ ಜನ ಸತ್ತದ್ದು ಓದುಗರಿಗೆ ನೆನಪಿರುತ್ತದೆ. ಕಟ್ಟುಹಾವೂ ಹೀಗೇ, ಚಾಪೆಯ ಮೇಲೆ ಮಲಗಿದವನಿಗೆ ರಾತ್ರಿ ಕಚ್ಚಿದ್ದು ಬೆಳಗಿನವರೆಗೂ ತಿಳಿಯದೇ ಇರಬಹುದು. ಇಂಬಳ ರಕ್ತ ಕುಡಿದು ಉದುರಿದ ಮೇಲೆ ಪಂಚೆ ನೋಡಿ ಗೊತ್ತಾಗುತ್ತದೆ. ಪುಣ್ಯಕ್ಕೆ ಅದು ರಕ್ತದ ಮೇಲೆ ಬೇರೇನೂ ಕೇಳುವುದಿಲ್ಲ.

ಇರುವೆಗೆ ಕೂಗಿದವಳು ಇವತ್ತು ಕೂತು ಬರೆಯುತ್ತಿದ್ದೇನೆ, ಕಣಜಕ್ಕೂ ಕೂಗದವನು ಹೋದ. ಇದರಲ್ಲಿ ಯಾರದೂ ಧೈರ್ಯ-ಹೇಡಿತನದ ಮಾತಿಲ್ಲ. ನನ್ನನ್ನು ಕುಟುಕಿದ್ದು ತಾನು ಯಾರೆಂದು ಮೂರು ಸಲ ಹೇಳಿ ಕುಟುಕಿತು. ಅವನಿಗೆ ಯಾರೂ ಏನೂ ಹೇಳಲಿಲ್ಲ. ಉಣುಗಿನ ವಿಡಿಯೊಗೆ ಯಾಕೆ ಭೂತದ ಸಂಗೀತ ಹಾಕಿ ಯಾರೂ ಹಂಚುವುದಿಲ್ಲ ಎಂದು ಆ ಸಂಜೆ ಹಾಲು ಒರೆಸುತ್ತ ಯೋಚಿಸಿದೆ. ಬಹುಶಃ ಫೋಟೊದಲ್ಲಿ ಚಂದ ಬರುವುದಿಲ್ಲ.

ಭಾನುವಾರ

ಮಗಳನ್ನು ಕರೆದುಕೊಂಡು ಊರಿಗೆ ಹೋದೆ. ಧರೆಯ ಹತ್ತಿರ ಇನ್ನೂ ಔಷಧಿಯ ಘಾಟು. ಬುಡದಲ್ಲಿ ಒಂದೂ ವೆಲ್ವೆಟ್ ಇರುವೆ ಬಿದ್ದಿರಲಿಲ್ಲ. ಬಿದ್ದಿದ್ದವು ಜೇನುಗಳು, ಹೊಟ್ಟೆಗೆ ನೀಲಿಪಟ್ಟೆಯಿರುವ, ಮಣ್ಣಲ್ಲಿ ಗೂಡು ಮಾಡುವ ಒಂಟಿ ಜೇನುಗಳು. ಮಗಳು ಎಣಿಸಿದಳು, ಹದಿನೇಳು. ಅತ್ತಿಗೆಯ ಹಿತ್ತಲ ಬದನೆಹೂವಿಗೆ ಜೋತುಬಿದ್ದು ಗುಂಯ್ ಎಂದು ಅಲ್ಲಾಡಿಸಿ ಪರಾಗ ಉದುರಿಸುವ ಜಾತಿ ಇದೇ.

"ಅಣ್ಣಾ, ನೀನು ಕೊಂದಿದ್ದು ಇವನ್ನ" ಎಂದೆ.

ಅವನು ಒಂದನ್ನು ಅಂಗೈಗೆ ಹಾಕಿಕೊಂಡು ನೋಡಿದ. "ಮತ್ತೆ ಆ ಕೆಂಪು ಹುಳ?"

"ಅದು ಓಡಿಹೋಗಿರ್ತದೆ. ಮನೆಯೇ ಇಲ್ಲ ಅದಕ್ಕೆ, ಎಲ್ಲಿ ಅಂತ ಹೊಡೀತೀಯ?"

"ಹಂಗಾರೆ ಮಕ್ಕಳಿಗೆ ಕಚ್ಚಿದ್ರೆ ಎಂಥ ಮಾಡೋದೇ ಮಾರಾಯ್ತಿ?"

"ಕೂಗ್ತಾರೆ" ಎಂದೆ. ಅವನಿಗೆ ನಗು ಬಂತು. ಅವನೂ ಆ ದಿನ ಚಪ್ಪರದಿಂದ ಓಡಿಬಂದವನೇ.

ಸಂಜೆ ಮುಂಚೆ ಮಗಳೂ ನಾನೂ ಗುಡ್ಡದ ದಾರಿಯಲ್ಲಿ ಸ್ವಲ್ಪ ದೂರ ಹೋದೆವು. ಜಂಬಿಟ್ಟಿಗೆ ಕಲ್ಲಿನ ಹಳೆ ಪಾಗಾರದ ಕೆಳಗೆ ಅವಳೇ ಮೊದಲು ಕಂಡಳು, ಕೆಂಪು ಎದೆ, ಬೆಳ್ಳಿ ಬೊಟ್ಟು, ಅದೇ ಅಂಚೆಯವನ ಅವಸರ. ಉಪ್ಪಿನಕಾಯಿಯ ಖಾಲಿ ಬಾಟಲಿಯನ್ನು ಮಗುಚಿ ಹಾಕಿ, ಕೆಳಗೆ ಅಡಿಕೆ ಹಾಳೆಯ ತುಂಡು ತೂರಿಸಿ ಎತ್ತಿದೆವು. ಕಿವಿಗೆ ಹಿಡಿದು ಕೇಳು ಎಂದೆ. ಅವಳು ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ನನ್ನ ಕಿವಿಗೂ ಹಿಡಿದಳು. ಹಾಳೆ ಸರಿಸಿ ಬಿಟ್ಟಾಗ ಅದು ಒಂದು ಕ್ಷಣ ನಿಂತು, ಪಾಗಾರದ ಸಂದಿಯಲ್ಲಿ ಮಾಯವಾಯಿತು.

ಮನೆ ಮುಟ್ಟುವಾಗ ಕತ್ತಲಾಗುತ್ತಿತ್ತು. ಅತ್ತಿಗೆ ಜಗಲಿಯಲ್ಲಿ ಉಣುಗು ಹತ್ತದಂತೆ ಹಚ್ಚುವ ಡೇಪಾ ಎಣ್ಣೆಯ ಬಾಟಲಿ, ಟಾರ್ಚು ಎರಡನ್ನೂ ಹಿಡಿದು ನಿಂತಿದ್ದರು.

"ಎಣ್ಣೆ ಹಚ್ಚದೆ ಗುಡ್ಡಕ್ಕೆ ಹೋದ್ರಲ್ಲ! ಒಳಗೆ ಬರಬೇಡಿ. ಪುಟ್ಟಿ, ಅಲ್ಲೇ ನಿಲ್ಲು, ಕಾಲು ತೋರ್ಸು. ಮಂಡಿ ಹಿಂದೆ ತೋರ್ಸು."